ದುಬೈಯಿಂದ ಬಾಲಿಗೆ: ಬಾಂಗ್ ಕೇಳದ ಮನೆಯಲ್ಲಿ ನೋಂಬು

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ.

ನಾವು ದುಬೈ ಬಿಟ್ಟು ಇಂಡೊನೇಶ್ಯದ ಬಾಲಿಗೆ ಹೋಗ್ತೇವೆ ಅಂತ ಹೇಳಿದ ವಾರ ಫೋನ್ ಮೇಲೆ ಫೋನ್. ಸಂಬಂಧಿಕರು, ಗೆಳತಿಯರು, ನಮ್ಮ ಬಿಲ್ಡಿಂಗಿನವರು. ಎಲ್ಲರದ್ದೂ ಒಂದೇ ಮಾತು: "ಮುಸ್ಲಿಂ ದೇಶ ಬಿಟ್ಟು ದೇವಸ್ಥಾನಗಳ ದ್ವೀಪಕ್ಕೆ ಮಕ್ಕಳನ್ನು ಕರ್ಕೊಂಡು ಹೋಗ್ತೀರಲ್ಲ, ಅವರ ದೀನ್ ಎಂತ ಆಗ್ಬೇಕು?"

ದೀನ್ ಅಂದರೆ ನಮ್ಮ ಧರ್ಮ, ನಂಬಿಕೆ. ಆ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಕೇಳಿದವರು ಪ್ರೀತಿಯಿಂದಲೇ ಕೇಳಿದ್ದು. ಆದರೆ ಇಲ್ಲಿಗೆ ಬಂದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಅದನ್ನೇ ಇವತ್ತು ನೇರವಾಗಿ ಹೇಳ್ತೇನೆ.

ಮೊದಲು ದುಬೈಯ ಋಣ. ಹನ್ನೊಂದು ವರ್ಷ ಆ ಊರಿನ ಅನ್ನ ತಿಂದಿದ್ದೇವೆ. ನಮ್ಮ ಕರಾವಳಿಯಲ್ಲಿ ಎಷ್ಟು ಮನೆಗಳ ಸ್ಲ್ಯಾಬ್ ಗಲ್ಫಿನ ದುಡ್ಡಿನಲ್ಲಿ ಎದ್ದಿದೆ, ಎಷ್ಟು ತಂಗಿಯರ ಮದುವೆ ಆಗಿದೆ ಅಂತ ನನಗೆ ಗೊತ್ತುಂಟು. ದೀನ್ ವಿಷಯದಲ್ಲಿಯೂ ಆ ಊರು ನಮ್ಮನ್ನು ಕೈಹಿಡಿದು ನಡೆಸಿತು. ಐದು ಹೊತ್ತು ನಮಾಝಿಗೆ ಕರೆಯುವ ಬಾಂಗ್ ಕಿಟಕಿಯಿಂದ ತಾನಾಗಿ ಒಳಗೆ ಬರುತ್ತದೆ. ಮಾಲ್‌ನಲ್ಲಿ ನಮಾಝಿಗೆ ಜಾಗ ಉಂಟು. ಸೂಪರ್ ಮಾರ್ಕೆಟಿನಲ್ಲಿ ಹಂದಿ ಮಾಂಸ ಬೇರೆಯೇ ಕೋಣೆಯಲ್ಲಿ, ಬಾಗಿಲ ಮೇಲೆ ಬೋರ್ಡ್ ಹಾಕಿ ಇಟ್ಟಿರುತ್ತಾರೆ. ರಮಝಾನ್ ಬಂದರೆ ಕಾನೂನಿನ ಪ್ರಕಾರವೇ ದಿನಕ್ಕೆ 2 ಗಂಟೆ ಕೆಲಸ ಕಡಿಮೆ. 2016ರಲ್ಲಿ ಜೂನ್ ತಿಂಗಳಲ್ಲಿ ನೋಂಬು, ಅಂದರೆ ರಮಝಾನಿನ ವ್ರತ, ಬಂದಿತ್ತು, ದಿನಕ್ಕೆ 15 ಗಂಟೆ, ಹೊರಗೆ ಬೆಂಕಿ ಬಿಸಿಲು. ಆದರೂ ಕಷ್ಟ ಅನ್ನಿಸಲಿಲ್ಲ. ಇಡೀ ಊರೇ ನಮ್ಮ ಜೊತೆ ನೋಂಬು ಹಿಡಿದಿತ್ತು.

ಒಂದು ದಿನ ಮಗಳು, ಆಗ ಅವಳಿಗೆ ಎಂಟು ವರ್ಷ, ನನ್ನನ್ನು ಕೇಳಿದಳು: "ಉಮ್ಮ, ಎಲ್ಲರೂ ಮುಸ್ಲಿಮರೇ ಅಲ್ವಾ? ಮುಸ್ಲಿಂ ಅಲ್ಲದವರು ಎಲ್ಲಿರ್ತಾರೆ?" ಅವಳ ಸ್ಕೂಲ್ ಬಸ್ಸಿನ ಆಯಾ ಕೇರಳದ ಕ್ರಿಶ್ಚಿಯನ್ ಹೆಂಗಸು. ಕೆಳಗಿನ ಮನೆಯವರು ಉಡುಪಿಯ ಭಟ್ಟರು. ನಿತ್ಯ ನೋಡುವ ಮುಖಗಳು. ಆದರೆ ಅವರು ಏನು ನಂಬುತ್ತಾರೆ, ಯಾವ ದಿನ ಏನು ಅಡುಗೆ ಮಾಡುತ್ತಾರೆ, ಯಾವುದಕ್ಕೆ ಕೈ ಮುಗಿಯುತ್ತಾರೆ, ಒಂದೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬಾಗಿಲು ಹಾಕಿದ ಫ್ಲ್ಯಾಟ್, ಏಸಿ, ಲಿಫ್ಟ್, ಕಾರು. ಅಷ್ಟೇ ಅವಳ ಪ್ರಪಂಚ.

ನಾನು ಮೂಲ್ಕಿಯವಳು. ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಕತೆ ಕೇಳದ ಮಕ್ಕಳು ನಮ್ಮಲ್ಲಿ ಇಲ್ಲ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯೇ ಆ ಗುಡಿ ಕಟ್ಟಿಸಿದ್ದು ಎಂಬ ನಂಬಿಕೆ. ಜಾತ್ರೆಯಲ್ಲಿ ಇವತ್ತಿಗೂ ಆ ಮನೆತನಕ್ಕೆ ಪ್ರಸಾದದ ಮರ್ಯಾದೆ ಸಲ್ಲುತ್ತದೆ. ಆ ಊರಿನಲ್ಲಿ ಡೋಲಿನ ಸದ್ದೂ ಬಾಂಗೂ ಎರಡೂ ಕೇಳಿ ಬೆಳೆದವಳು ನಾನು. ನನ್ನ ಮಗಳು ಎರಡರಲ್ಲಿ ಒಂದನ್ನು ಮಾತ್ರ ಕೇಳಿ ದೊಡ್ಡವಳಾಗುತ್ತಿದ್ದಳು.

ಹಾಗಾದರೆ ಊರಿಗೇ ಬರಬಹುದಿತ್ತಲ್ಲ ಅಂತ ಕೇಳ್ತೀರಿ. ಕೇಳಿ, ತಪ್ಪಿಲ್ಲ. 2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಇಡಲು ಬಿಡುವುದಿಲ್ಲ ಅಂತ ಬ್ಯಾನರ್ ಕಟ್ಟಿದ ಫೋಟೋಗಳನ್ನು ದುಬೈಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದೆ. ಆ ರಾತ್ರಿ ಉಮ್ಮನಿಗೆ ಫೋನ್ ಮಾಡಿದರೂ ಮಾತು ಬರಲಿಲ್ಲ. ಅದರ ಬಗ್ಗೆ ಇನ್ನೊಂದು ದಿನ ಮಾತಾಡ್ತೇನೆ.

ಇವರಿಗೆ, ಅಂದರೆ ನನ್ನ ಗಂಡನಿಗೆ, ಎಲ್ಲಿ ಕೂತರೂ ಮಾಡುವ ಕೆಲಸ ಸಿಕ್ಕಿತು. ದೂರದಿಂದ ಕೆಲಸ ಮಾಡುವವರಿಗೆ ಇಂಡೊನೇಶ್ಯ ಈಗ ಒಂದು ವರ್ಷದ ವೀಸಾ ಕೊಡುತ್ತದೆ. ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. ಅದೊಂದು ಅನುಕೂಲ, ಎಲ್ಲರಿಗೂ ಆಗುವ ಮಾತಲ್ಲ. ನೆಲ ಖರೀದಿ ಮಾಡಿ ಪೂರ್ಣ ಹಕ್ಕು ಪಡೆಯಲು ಪರದೇಶದವರಿಗೆ ಇಲ್ಲಿ ಅವಕಾಶವೇ ಇಲ್ಲ, ಅದು ಒಳ್ಳೆಯದೇ. ಬಾಲಿಯ ಸುಬಕ್ ಎಂಬ ಗದ್ದೆ ನೀರಿನ ವ್ಯವಸ್ಥೆಗೆ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಕೊಟ್ಟಿತು. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಸರದಿಯಂತೆ ಇಳಿಯುವ ಲೆಕ್ಕವನ್ನು ದೇವಸ್ಥಾನದಲ್ಲಿ ಕೂತು ಮಾಡುತ್ತಾರೆ. ಅಂಥ ಗದ್ದೆಗಳ ಮಧ್ಯದಲ್ಲಿ ವಿಲ್ಲಾ ಎದ್ದು ನಿಂತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ದಿರ್ಹಮ್‌ನಲ್ಲಿ ಲೆಕ್ಕ ಹಾಕಿ "ಎಷ್ಟು ಅಗ್ಗ!" ಅಂತ ವಿಡಿಯೋ ಮಾಡಬೇಡಿ. ನಮಗೆ ಅಗ್ಗ ಆಗಿರುವುದು ಇಲ್ಲಿಯವರ ಮಕ್ಕಳಿಗೆ ಕೈಗೆಟುಕದ್ದಾಗುತ್ತಿದೆ.

2023ರ ಜುಲೈಯಲ್ಲಿ ಬಂದಿಳಿದೆವು. ಒಂಬತ್ತು ಗಂಟೆಯ ವಿಮಾನ. ಹೊರಗೆ ಕಾಲಿಟ್ಟರೆ ತೆಂಗು, ಬಾಳೆ, ಹಲಸು, ಕೆಂಪು ಹಂಚಿನ ಮಾಡು, ಗೋಡೆ ಮೇಲೆ ಪಾಚಿ. ಮಳೆ ಮಾತ್ರ ನಮ್ಮದಕ್ಕೆ ಉಲ್ಟಾ. ಊರಿನಲ್ಲಿ ಆಟಿಯ ಜಡಿಮಳೆ ಸುರಿಯುವಾಗ ಇಲ್ಲಿ ಒಣ ಹವೆ.

ಮೊದಲ ದಿನ ಇವರು ಫೋನಿನಲ್ಲಿ ಕಿಬ್ಲಾ, ಅಂದರೆ ನಮಾಝಿಗೆ ಮುಖ ಮಾಡುವ ಮಕ್ಕಾದ ದಿಕ್ಕು, ಹುಡುಕಿದರು. ದುಬೈಯಲ್ಲಿ ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ ತಿರುಗಬೇಕಿತ್ತು. ಇಲ್ಲಿ ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ. ಮೂಲ್ಕಿಯಲ್ಲಿ ನನ್ನ ಉಮ್ಮ ಚಾಪೆ ಹಾಸುವ ದಿಕ್ಕು ಹೆಚ್ಚು ಕಡಿಮೆ ಇದೇ, ನಾಲ್ಕೈದು ಡಿಗ್ರಿ ವ್ಯತ್ಯಾಸ. ಮುಸಲ್ಲಾ ಹಾಸಿ ನಿಂತಾಗ ಕಣ್ಣು ತುಂಬಿ ಬಂತು.

ಇಂಡೊನೇಶ್ಯದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮುಸ್ಲಿಮರು. ಬಾಲಿಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಹಿಂದೂಗಳು. ಅಂದರೆ ಇಲ್ಲಿ ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕು. ನಮ್ಮ ಮನೆಗೆ ಬಾಂಗ್ ಕೇಳುವುದಿಲ್ಲ, ಪಳ್ಳಿ, ಅಂದರೆ ಮಸೀದಿ, ದೂರ. ಬೀದಿಯಲ್ಲಿ ಬಾಬಿ ಗುಲಿಂಗ್, ಅಂದರೆ ಇಡೀ ಹಂದಿ ಸುಟ್ಟು ಮಾರುವ ಅಂಗಡಿ. "ವಾರುಂಗ್ ಮುಸ್ಲಿಂ" ಅಂತ ಬರೆದ ಹೋಟೆಲ್ ಹುಡುಕಬೇಕು. ಬಿಸ್ಕೆಟ್ ಪ್ಯಾಕೆಟ್ ತಿರುಗಿಸಿ ನೇರಳೆ ಬಣ್ಣದ ಹಲಾಲ್ ಮುದ್ರೆ ಉಂಟಾ ಅಂತ ನೋಡಬೇಕು. ಓಣಿಯಲ್ಲಿ ನಾಯಿಗಳು. ಮೊದಲ ಎರಡು ತಿಂಗಳು ನನಗೆ ನಿಜವಾಗಿಯೂ ಕಷ್ಟ ಆಯಿತು. ಒಮ್ಮೆ ಅಂಗಡಿಯಲ್ಲಿ ಬಾಕ್ಸೊ ಎಂಬ ಮಾಂಸದುಂಡೆಯ ಸಾರು ತಿನ್ನಲು ಕೂತು, ಯಾವ ಮಾಂಸ ಅಂತ ಕೇಳಿ, ಮಕ್ಕಳನ್ನು ಬಟ್ಟಲ ಎದುರಿನಿಂದ ಎಬ್ಬಿಸಿಕೊಂಡು ಬಂದಿದ್ದೇನೆ. ಮಗ ದಾರಿಯುದ್ದಕ್ಕೂ ಅತ್ತ.

ಆದರೆ ಆ ದಿನಗಳಲ್ಲೇ ಒಂದು ಬದಲಾವಣೆ ಕಂಡೆ. ಈಗ ಮಗಳೇ ನಮಾಝಿನ ಹೊತ್ತು ನೋಡುತ್ತಾಳೆ. ಪ್ಯಾಕೆಟ್ ಹಿಂದೆ ಓದುವವಳು ಅವಳೇ. ತಿನ್ನುವುದಿಲ್ಲ ಅಂದರೆ ಯಾಕೆ ಅಂತ ಕ್ಲಾಸಿನ ಮಕ್ಕಳಿಗೆ ಹೇಳಬೇಕಲ್ಲ, ಅದಕ್ಕಾಗಿ ನನ್ನ ಹತ್ತಿರ ಬಂದು ಕೂತು ಕೇಳುತ್ತಾಳೆ. ದುಬೈಯಲ್ಲಿ ಊರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅವಳು ಮಾಡುತ್ತಿದ್ದಾಳೆ. ಅವಳ ದೀನ್ ಎಂತ ಆಗ್ಬೇಕು ಅಂತ ಕೇಳಿದವರಿಗೆ ನನ್ನ ಉತ್ತರ ಇದು.

ಭಾಷೆಯ ಕತೆ ಹೇಳಲೇಬೇಕು. ಒಂದು ಶುಕ್ರವಾರ ಪಳ್ಳಿಯಲ್ಲಿ ಖುತುಬಾ, ಅಂದರೆ ಪ್ರವಚನ, ಕೇಳಿ ಬಂದು ಇವರು ನಗುತ್ತಾ ಹೇಳಿದರು, "ಖುತುಬಾ ಅರ್ಧ ಅರ್ಥ ಆಯಿತು ಮಾರಾಯ್ತಿ!" ಇಲ್ಲಿಯ ಮುಸ್ಲಿಮರು ಸ್ವರ್ಗಕ್ಕೆ ಸುರ್ಗಾ ಅನ್ನುತ್ತಾರೆ, ನರಕಕ್ಕೆ ನೆರಾಕಾ, ಪಾಪಕ್ಕೆ ದೋಸಾ, ಅಂದರೆ ನಮ್ಮ ದೋಷ. ನೋಂಬಿಗೆ ಪುವಾಸಾ. ಅದು ಉಪವಾಸ! ಮೂಲ್ಕಿಯಲ್ಲಿ ಪಕ್ಕದ ಮನೆಯ ಶೆಟ್ಟರ ಹೆಂಡತಿ, ನಾವು ಅಕ್ಕ ಅಂತ ಕರೆಯುತ್ತಿದ್ದವರು, ರಮಝಾನಿನಲ್ಲಿ ಬೇಲಿಯಾಚೆಯಿಂದ "ಇವತ್ತೂ ಉಪವಾಸವಾ ಮಗಾ?" ಅಂತ ಕೇಳುತ್ತಿದ್ದರು. ಆ ಶಬ್ದ ಅವರದ್ದು, ನಮ್ಮದಲ್ಲ ಅಂತ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಕೋಟಿಗಟ್ಟಲೆ ಮುಸ್ಲಿಮರು ಅದೇ ಶಬ್ದದಲ್ಲಿ ನೋಂಬು ಹಿಡಿಯುತ್ತಾರೆ.

ನಾವಿರುವ ಮನೆಯ ಅಂಗಳದ ಮೂಲೆಯಲ್ಲಿ ಮಾಲೀಕರ ಪುಟ್ಟ ಗುಡಿ ಉಂಟು. ಮಾಲೀಕರ ಹೆಂಡತಿಯನ್ನು ಇಬು ಅಂತ ಕರೆಯುತ್ತೇವೆ, ಅಂದರೆ ಅಮ್ಮ. ಬೆಳಿಗ್ಗೆ ಬಂದು ಚಾನಾಂಗ್ ಸಾರಿ ಇಡುತ್ತಾರೆ. ಅಂಗೈ ಅಗಲದ ತೆಂಗಿನ ಗರಿಯ ತಟ್ಟೆ, ಅದರಲ್ಲಿ ಬಿಳಿ, ಕೆಂಪು, ಹಳದಿ, ನೀಲಿ ಹೂವು, ಒಂದು ಚೂರು ಬಿಸ್ಕೆಟ್, ಮೇಲೆ ಊದುಬತ್ತಿ. ಮೊದಲ ವಾರ ಅವರೇ ಕೇಳಿದರು, "ನೀವು ಮುಸ್ಲಿಮರು, ನಾನು ಇಲ್ಲಿಗೆ ಬಂದರೆ ತೊಂದರೆಯಾ?" ಅವರದ್ದೇ ಅಂಗಳ, ಅವರೇ ಅಪ್ಪಣೆ ಕೇಳುತ್ತಿದ್ದಾರೆ! ನಾವು ಪೂಜೆಯಲ್ಲಿ ಸೇರುವುದಿಲ್ಲ, ಆ ವಿಷಯದಲ್ಲಿ ನನಗೆ ಗೊಂದಲ ಇಲ್ಲ. ಅವರ ದಾರಿಗೆ ಅಡ್ಡ ನಿಲ್ಲುವುದೂ ಇಲ್ಲ. ಮಗ ಸೈಕಲ್ ಓಡಿಸುವಾಗ ಆ ತಟ್ಟೆಯ ಸುತ್ತ ಬಳಸಿ ಹೋಗುತ್ತಾನೆ. ನಾನು ಒಂದು ಸಲ ಹೇಳಿದ್ದು, ಅಷ್ಟೇ.

ಬಾಲಿಯ ಹಿಂದೂಗಳು ಇಲ್ಲಿಯ ಹಳೆಯ ಮುಸ್ಲಿಮರನ್ನು ನ್ಯಾಮಾ ಸೆಲಾಂ ಅನ್ನುತ್ತಾರೆ, ಇಸ್ಲಾಮಿನ ಒಡಹುಟ್ಟಿದವರು ಅಂತ. ಗೆಲ್ಗೆಲ್‌ನಲ್ಲಿ ರಾಜರ ಕಾಲದಿಂದ ಮುಸ್ಲಿಮರ ಕೇರಿ ಉಂಟು. ಉತ್ತರದ ಪೆಗಯಾಮನ್ ಎಂಬ ಊರಿನ ಮುಸ್ಲಿಮರು ಹೆಸರಿನ ಮುಂದೆ ವಾಯಾನ್, ಕೆತುಟ್ ಅಂತ ಬಾಲಿಯ ಹೆಸರನ್ನೇ ಇಟ್ಟುಕೊಳ್ಳುತ್ತಾರೆ. ಇದೆಲ್ಲ ಗಾಜಿನ ಸಾಮಾನು, ಅದೂ ಗೊತ್ತು. 2002ರ ಅಕ್ಟೋಬರ್ 12ರಂದು ಬಾಲಿಯ ಕೂಟ ಎಂಬ ಊರಿನಲ್ಲಿ ನಮ್ಮ ದೀನಿನ ಹೆಸರು ಹೇಳಿಕೊಂಡವರು ಬಾಂಬ್ ಇಟ್ಟು 202 ಜನರನ್ನು ಕೊಂದರು. ಆ ರಾತ್ರಿ ಗಾಯಾಳುಗಳನ್ನು ಹೊರಗೆ ತಂದವರಲ್ಲಿ ಕೂಟದ ಒಬ್ಬರು ಹಾಜಿಯೂ ಇದ್ದರು. ಬಾಲಿಗರು ನೆರೆಯ ಮುಸ್ಲಿಮರ ಮೇಲೆ ತಿರುಗಿ ಬೀಳಲಿಲ್ಲ, ಶುದ್ಧಿಯ ಪೂಜೆ ಮಾಡಿದರು. ಆ ಸ್ಮಾರಕದ ಎದುರು ನಿಂತಾಗ ನನಗೆ ತಲೆ ಎತ್ತಲು ಆಗಲಿಲ್ಲ. ಇಲ್ಲಿಗೆ ಬರುವ ಪ್ರತಿ ಮುಸ್ಲಿಂ ಕುಟುಂಬ ಒಮ್ಮೆ ಅಲ್ಲಿಗೆ ಹೋಗಬೇಕು.

2024ರ ಮಾರ್ಚ್ 11. ಅವತ್ತು ನ್ಯೆಪಿ, ಬಾಲಿಯ ಶಕ ವರ್ಷದ ಮೊದಲ ದಿನ, ನಮ್ಮ ಯುಗಾದಿಯ ದಾಯಾದಿ. ಹಿಂದಿನ ಸಂಜೆ ಓಗೊ ಓಗೊ ಎಂಬ ರಾಕ್ಷಸರ ದೊಡ್ಡ ಗೊಂಬೆಗಳ ಮೆರವಣಿಗೆ. ಬೆಳಿಗ್ಗೆ 6ರಿಂದ ಮರುದಿನ 6ರವರೆಗೆ ದ್ವೀಪವಿಡೀ ಮೌನ. ಬೆಂಕಿ ಇಲ್ಲ, ಬೆಳಕು ಇಲ್ಲ, ಕೆಲಸ ಇಲ್ಲ, ಹೊರಗೆ ಹೋಗುವಂತಿಲ್ಲ. ವಿಮಾನ ನಿಲ್ದಾಣ ಬಂದ್, ಮೊಬೈಲ್ ಇಂಟರ್ನೆಟ್ ಬಂದ್. ಸರ್ಕಾರದ ಲೆಕ್ಕದಲ್ಲಿ ನಮ್ಮ ಮೊದಲ ತರಾವೀಹ್, ಅಂದರೆ ರಮಝಾನಿನ ರಾತ್ರಿಯ ನಮಾಝ್, ಅದೇ ರಾತ್ರಿ ಬಂತು. ಮೈಕ್ ಇಲ್ಲದೆ, ಕಡಿಮೆ ಬೆಳಕಿನಲ್ಲಿ, ಹತ್ತಿರದ ಪಳ್ಳಿಗೆ ನಡೆದು ಹೋಗಿ ಇಲ್ಲವೇ ಮನೆಯಲ್ಲೇ ಮಾಡಿ ಅಂತ ಎರಡೂ ಕಡೆಯ ಹಿರಿಯರು ಮೊದಲೇ ಕೂತು ಒಪ್ಪಂದ ಮಾಡಿಕೊಂಡಿದ್ದರು.

ನಾವು ಮನೆಯಲ್ಲೇ ನಿಂತೆವು. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ಒಂದು ಟಾರ್ಚಿಗೆ ಬಟ್ಟೆ ಸುತ್ತಿ. ಇವರು ಓದುವ ದನಿಯನ್ನು ಪಿಸುಮಾತಿಗೆ ಇಳಿಸಿದರು. ಸಹರಿಯೂ, ಅಂದರೆ ನೋಂಬು ಹಿಡಿಯುವ ಮೊದಲಿನ ನಸುಕಿನ ಊಟವೂ, ಮೌನದೊಳಗೇ. ಒಲೆ ಹಚ್ಚುವಂತಿಲ್ಲ, ಖರ್ಜೂರ, ಬಾಳೆಹಣ್ಣು, ಹಿಂದಿನ ದಿನ ಬೇಯಿಸಿಟ್ಟ ಮೊಟ್ಟೆ. ಮಕ್ಕಳನ್ನು ಅಂಗಳದ ಮೆಟ್ಟಿಲಿಗೆ ಕರೆದೆ. ಮೋಡದ ಸಂದಿಯಲ್ಲಿ ನಕ್ಷತ್ರ. ದುಬೈಯಲ್ಲಿ ಹುಟ್ಟಿದ ಮಗ ಅಷ್ಟು ನಕ್ಷತ್ರ ನೋಡಿರಲೇ ಇಲ್ಲ. "ಉಮ್ಮ, ಇಬು ಕೂಡ ನೋಂಬಾ ಇವತ್ತು?" ಅಂತ ಕಿವಿಯಲ್ಲಿ ಕೇಳಿದ. ಹೌದು ಮಗಾ, ಅವರೂ ಉಪವಾಸ ಅಂದೆ.

ಒಂದು ತಿಂಗಳು ಕಳೆದು ಪೆರ್ನಾಲ್, ಅಂದರೆ ಈದ್ ಹಬ್ಬ, ಬಂತು. ಬೆಳಿಗ್ಗೆಯೇ ಇಬು ಬಿದಿರಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಬ್ಬಕ್ಕೆ ನೆರೆಮನೆಗೆ ತಿನಿಸು ಹಂಚುವ ಪದ್ಧತಿಗೆ ಇಲ್ಲಿ ಙೆಜೊತ್ ಅನ್ನುತ್ತಾರೆ. ಬುಟ್ಟಿಯಲ್ಲಿ ಮಾವು, ಸಾಲಾಕ್, ಬಾಳೆ, ಎಲ್ಲ ಇಡೀ ಹಣ್ಣು. ನಮ್ಮ ಪಾತ್ರೆಯಲ್ಲಿ ಬೇಯಿಸಿದ್ದು ನಿಮಗೆ ಕಷ್ಟ ಆಗಬಾರದಲ್ಲ ಅಂದರು.

ವಿಡಿಯೋ ಕಾಲ್‌ನಲ್ಲಿ ಉಮ್ಮನಿಗೆ ತೋರಿಸಿದೆ. ದುಬೈ ಬಿಟ್ಟದ್ದಕ್ಕೆ ಎಂಟು ತಿಂಗಳು ಮುಖ ಊದಿಸಿಕೊಂಡಿದ್ದ ಉಮ್ಮ ಬುಟ್ಟಿಯನ್ನೇ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಬುಟ್ಟಿ ಖಾಲಿ ವಾಪಸ್ ಕೊಟ್ಟೆಯಾ?"

ಇಲ್ಲ ಉಮ್ಮ, ಕಲ್ತಪ್ಪ ಮಾಡಿ ಹಾಕಿದ್ದೇನೆ ಅಂದೆ. ಬೆಲ್ಲ ಸರಿ ಹಾಕಿದ್ದೀಯಾ ಅಂತ ಕೇಳಿದರು.