ಡಿ ಡ್ರೈವ್ ತೆರೆಯದಿದ್ದರೆ ಮೊದಲು ಕೈ ಹಿಂದಕ್ಕೆ ತೆಗೆಯಿರಿ

ಎಲ್ಲ ಕೇಳುಗರಿಗೂ ನಮಸ್ಕಾರ.

ಫೋಟೋ ಸ್ಟುಡಿಯೊ, ಡಿಟಿಪಿ ಅಂಗಡಿ, ಸಹಕಾರ ಸಂಘದ ಕಚೇರಿ, ಹಳ್ಳಿಯ ಶಾಲೆ. ಇಂಥ ಕಡೆ ಒಂದೇ ಕಂಪ್ಯೂಟರ್ ಇಟ್ಟುಕೊಂಡು, ವರ್ಷಗಟ್ಟಲೆ ಮಾಡಿದ ಕೆಲಸವನ್ನೆಲ್ಲ ಅದರ ಡಿ ಡ್ರೈವಿಗೆ ತುಂಬಿಟ್ಟಿರುವವರು ಇದ್ದಾರಲ್ಲ, ಇವತ್ತಿನ ನನ್ನ ಮಾತು ಅವರೊಂದಿಗೆ. ನಿಮ್ಮ ಮದುವೆ ಆಲ್ಬಮ್ಮುಗಳು, ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತಗಳು, ಸದಸ್ಯರ ಸಾಲದ ಲೆಕ್ಕ ಎಲ್ಲವೂ ಅಲ್ಲೇ ಇವೆ. ಒಂದು ದಿನ ಸಿ ಡ್ರೈವ್ ತುಂಬಿ ಅದರ ಪಟ್ಟಿ ಕೆಂಪಾಗುತ್ತದೆ. ಡಿ ಡ್ರೈವಿನಲ್ಲಿ ಜಾಗ ಧಾರಾಳವಾಗಿದೆ. ಅಲ್ಲಿಂದ 50 ಜಿಬಿ ತೆಗೆದು ಇಲ್ಲಿಗೆ ಸೇರಿಸೋಣ ಎಂದು ಯಾವುದೋ ಉಚಿತ ತಂತ್ರಾಂಶ ಹಾಕಿಕೊಂಡು ಪಾರ್ಟಿಷನ್ನಿನ, ಅಂದರೆ ಡಿಸ್ಕಿನ ಭಾಗಗಳ, ಗಡಿ ಸರಿಸುತ್ತೀರಿ. ಕಂಪ್ಯೂಟರ್ ಮತ್ತೆ ಚಾಲೂ ಆದಾಗ ಡಿ ಡ್ರೈವ್ ತೆರೆಯುವುದಿಲ್ಲ. ಪರದೆಯ ಮೇಲೆ ವಿಂಡೋಸ್ ಕೇಳುತ್ತದೆ: ಈ ಡ್ರೈವನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಬೇಡ. ಈ ಒಂದು ಮಾತು ಹೇಳುವುದಕ್ಕೇ ನಾನು ಇಲ್ಲಿಗೆ ಬಂದಿದ್ದೇನೆ. ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ. ಫಾರ್ಮ್ಯಾಟ್ ಬೇಡ, ರಿಪೇರಿ ಬೇಡ, ಹೊಸದಾಗಿ ವಿಂಡೋಸ್ ಹಾಕುವುದು ಬೇಡ. ಇನ್ನೊಂದು ಸಲ ಗಡಿ ಸರಿಸಿ ನೋಡುವುದಂತೂ ಬೇಡವೇ ಬೇಡ. ಆ ಪೆಟ್ಟಿಗೆಯಲ್ಲಿ ರದ್ದು ಮಾಡುವ ಗುಂಡಿ ಒತ್ತಿ, ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ಕಿತ್ತಿಡಿ. ನಿಮ್ಮ ಫೈಲುಗಳು ಎಲ್ಲಿಗೂ ಹೋಗಿಲ್ಲ.

ಹೇಗೆ ಹೋಗಿಲ್ಲ ಎಂದು ಹೇಳುತ್ತೇನೆ. ಹಾರ್ಡ್ ಡಿಸ್ಕ್ ಎಂದರೆ ಸಾಲಾಗಿ ಅಂಕೆ ಹಾಕಿದ ಸಣ್ಣ ಸಣ್ಣ ಖಾನೆಗಳು. ಅವನ್ನು ಸೆಕ್ಟರ್ ಎನ್ನುತ್ತೇವೆ. ಒಂದೊಂದರಲ್ಲಿ 512 ಬೈಟ್ ಹಿಡಿಸುತ್ತದೆ. 1 ಟಿಬಿ ಡಿಸ್ಕಿನಲ್ಲಿ ಇಂಥವು ಸುಮಾರು 195 ಕೋಟಿ ಇವೆ. ಸಿ ಮತ್ತು ಡಿ ನಡುವೆ ಗೋಡೆಯೇನೂ ಇಲ್ಲ. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ 64 ಬೈಟ್‌ಗಳ ಒಂದು ಪಟ್ಟಿ ಇದೆ, ಅಷ್ಟೆ. ನಾಲ್ಕು ಸಾಲು, ಸಾಲಿಗೆ 16 ಬೈಟ್. ಇಂಥ ಪಾರ್ಟಿಷನ್ ಇಂಥ ಸೆಕ್ಟರಿನಲ್ಲಿ ಶುರುವಾಗುತ್ತದೆ, ಇಷ್ಟು ಉದ್ದವಿದೆ ಎಂದು ಅದರಲ್ಲಿ ಬರೆದಿರುತ್ತದೆ. ಪಿಸಿ ಡಾಸ್ 2.0 ಬಂದ 1983ರ ಕಾಲದ ಏರ್ಪಾಡು ಇದು. ಈಚಿನ ಕಂಪ್ಯೂಟರುಗಳಲ್ಲಿ ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿ ಇರುತ್ತದೆ, ಅದರ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ.

ಪಹಣಿಯಲ್ಲಿ ನಿಮ್ಮ ಜಮೀನಿನ ಗಡಿ ತಪ್ಪಾಗಿ ನಮೂದಾದರೆ ಗದ್ದೆಯಲ್ಲಿರುವ ಪೈರು ಒಣಗಿಹೋಗುತ್ತದೆಯೇ? ಇಲ್ಲ. ಸರ್ವೆಯವರು ಬಂದು ಹಳೆಯ ಗಡಿಕಲ್ಲು ಹುಡುಕಿದರೆ ಎಲ್ಲವೂ ಮತ್ತೆ ಸರಿಹೋಗುತ್ತದೆ. ಆದರೆ ಅವರು ಬರುವುದರೊಳಗೆ ಯಾರಾದರೂ ಗದ್ದೆಗೆ ಟ್ರ್ಯಾಕ್ಟರ್ ಇಳಿಸಿದರೆ ಪೈರು ಹೋಯಿತು. ಫಾರ್ಮ್ಯಾಟ್ ಎಂದರೆ ಆ ಟ್ರ್ಯಾಕ್ಟರ್.

ಡಿಸ್ಕಿನಲ್ಲಿಯೂ ಹಳೆಯ ಗಡಿಯ ಗುರುತುಗಳು ಉಳಿದಿರುತ್ತವೆ. ಫೈಲುಗಳನ್ನು ಜೋಡಿಸಿಡಲು ವಿಂಡೋಸ್ ಬಳಸುವ ಪದ್ಧತಿಗೆ ಎನ್‌ಟಿಎಫ್‌ಎಸ್ ಎಂದು ಹೆಸರು. ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನ ಮೊದಲ ಸೆಕ್ಟರಿನಲ್ಲಿ ಅದೇ ಹೆಸರಿನ ಅಕ್ಷರಗಳು ಬರೆದಿರುತ್ತವೆ. ಆ ಸೆಕ್ಟರಿನ ನಕಲು ಪಾರ್ಟಿಷನ್ನಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇರುತ್ತದೆ. ಮೊದಲಿನದು ಹಾಳಾದರೂ ಕೊನೆಯದು ಸಿಗುತ್ತದೆ. ಪೆನ್ ಡ್ರೈವುಗಳಲ್ಲಿ ಕಾಣುವ ಫ್ಯಾಟ್32 ಎಂಬ ಇನ್ನೊಂದು ಪದ್ಧತಿಯಲ್ಲಿ ನಕಲು ಸಾಮಾನ್ಯವಾಗಿ 6ನೆಯ ಸೆಕ್ಟರಿನಲ್ಲಿರುತ್ತದೆ. ಈ ಗುರುತುಗಳನ್ನು ಡಿಸ್ಕಿನ ಉದ್ದಕ್ಕೂ ಹುಡುಕಿಕೊಡುವ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶವಿದೆ. ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದದ್ದು. ಮುಕ್ತ ತಂತ್ರಾಂಶ, ಕಾಸು ಕೊಡಬೇಕಾಗಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ನಡೆಯುವುದಿಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ. ಹುಡುಕಾಟ ಮುಗಿದ ಮೇಲೆ ಸಿಕ್ಕ ಪಾರ್ಟಿಷನ್ನಿನ ಮೇಲೆ ನಿಂತು ಪಿ ಎಂಬ ಅಕ್ಷರ ಒತ್ತಿದರೆ ನಿಮ್ಮ ಫೋಲ್ಡರುಗಳ ಹೆಸರುಗಳು ಸಾಲಾಗಿ ಕಾಣುತ್ತವೆ. ಹೆಸರುಗಳು ಕಂಡರೆ ಗಡಿ ಸಿಕ್ಕಿತು ಎಂದೇ ಅರ್ಥ. ಸಿ ಒತ್ತಿ ಅವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಮತ್ತೆ ಹೇಳುತ್ತೇನೆ, ಬೇರೊಂದು ಡಿಸ್ಕಿಗೆ. ಅದೇ ಡಿಸ್ಕಿಗೆ ಬರೆಯಬೇಡಿ.

ಒಂದು ಘಟನೆ ಹೇಳುತ್ತೇನೆ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುವ ಫೋಟೋ ಸ್ಟುಡಿಯೊ ಇದೆ. ಆಷಾಢ ಮಾಸ. ಮದುವೆಗಳಿಲ್ಲ, ಕೈಯಲ್ಲಿ ಬಿಡುವಿದೆ. ಕಂಪ್ಯೂಟರನ್ನು ಸ್ವಲ್ಪ ಚೊಕ್ಕ ಮಾಡೋಣ ಎಂದು ಯಜಮಾನರು ಕುಳಿತರು. 1 ಟಿಬಿ ಡಿಸ್ಕ್, ಅದರಲ್ಲಿ ಸಿ ಡ್ರೈವಿಗೆ 100 ಜಿಬಿ, ಉಳಿದದ್ದೆಲ್ಲ ಡಿ. ವೈಶಾಖ, ಜ್ಯೇಷ್ಠದ ಮದುವೆಗಳೆಲ್ಲ ಡಿಯಲ್ಲಿವೆ, ಆಲ್ಬಮ್ ಇನ್ನೂ ಒಬ್ಬರಿಗೂ ಕೊಟ್ಟಿಲ್ಲ. ಡಿಯಿಂದ 50 ಜಿಬಿ ಸಿಗೆ ಸೇರಿಸುವಂತೆ ಹೇಳಿ ಊಟಕ್ಕೆ ಎದ್ದರು. ಹೊರಗೆ ಜಡಿಮಳೆ. ಊಟದ ನಡುವೆ ಕರೆಂಟು ಹೋಯಿತು. ಯುಪಿಎಸ್ ಒಂದಷ್ಟು ಹೊತ್ತು ಕೂಗಿಕೊಂಡು ಅದೂ ಕೈಬಿಟ್ಟಿತು.

ಇಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಏಕೆಂದರೆ ಗಡಿ ಸರಿಸುವುದೆಂದರೆ ಒಂದು ಗೆರೆ ಎಳೆದಷ್ಟು ಸುಲಭ ಎಂದೇ ಎಲ್ಲರೂ ತಿಳಿದಿದ್ದಾರೆ. ಡಿಸ್ಕಿನಲ್ಲಿ ಮೊದಲು ಸಿ, ಅದರ ಬಲಕ್ಕೆ ಡಿ. ಸಿ ಬಲಕ್ಕೆ ಬೆಳೆಯಬೇಕಾದರೆ ಡಿ ತನ್ನ ಎಡಭಾಗವನ್ನು ಬಿಟ್ಟುಕೊಡಬೇಕು. ಹಾಗಾಗಬೇಕಾದರೆ ಡಿಯಲ್ಲಿರುವುದೆಲ್ಲವೂ ಪೂರ್ತಿ 50 ಜಿಬಿಯಷ್ಟು ಬಲಕ್ಕೆ ಜರುಗಬೇಕು. ಮುಂದಿನಿಂದ ಜರುಗಿಸುತ್ತಾ ಹೋದರೆ ಇನ್ನೂ ಜರುಗದ ಭಾಗದ ಮೇಲೆಯೇ ಬರೆದಂತಾಗುತ್ತದೆ. ಆದ್ದರಿಂದ ಇದನ್ನು ಹಿಂದಿನ ತುದಿಯಿಂದ ಶುರುಮಾಡುತ್ತಾರೆ. ಕರೆಂಟು ಹೋದಾಗ ಆದದ್ದು ಇಷ್ಟು: ಡಿಯ ಹಿಂಭಾಗ ಹೊಸ ಜಾಗದಲ್ಲಿತ್ತು, ಮುಂಭಾಗ ಹಳೆಯ ಜಾಗದಲ್ಲೇ ಇತ್ತು. ಪಟ್ಟಿಯಲ್ಲಿ ಮಾತ್ರ ಹೊಸ ಗಡಿ ಬರೆದಾಗಿತ್ತು. ಕರೆಂಟು ಬಂದ ಮೇಲೆ ವಿಂಡೋಸ್ ಹೊಸ ಗಡಿಯ ಹತ್ತಿರ ಹೋಗಿ ನೋಡಿತು. ಅಲ್ಲಿ ಯಾವುದೋ ಮದುವೆಯ ವೀಡಿಯೊದ ನಡುಭಾಗ ಇತ್ತು. ಇದು ನನಗೆ ತಿಳಿಯದ ಡಿಸ್ಕ್, ಫಾರ್ಮ್ಯಾಟ್ ಮಾಡಲೇ ಎಂದಿತು.

ಯಜಮಾನರು ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟರು. ಅವರ ಅಕ್ಕನ ಮಗ ಕಂಪ್ಯೂಟರ್ ಓದುತ್ತಿರುವ ಹುಡುಗ, ಅಲ್ಲೇ ಇದ್ದ. 'ಅತ್ತೆ, ಫಾರ್ಮ್ಯಾಟ್ ಕೊಟ್ಟುಬಿಡೋಣ. ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿ ಎಲ್ಲವನ್ನೂ ವಾಪಸು ತೆಗೆಯಬಹುದು' ಎಂದ. ಆ ತಾಯಿ ಹೇಳಿದ್ದು ಒಂದೇ ಮಾತು: 'ನೀನು ಮೊದಲು ಕೈ ತೆಗೆ.' ಪ್ಲಗ್ ಕಿತ್ತರು. ಒಂದು ಬಿಳಿಯ ಹಾಳೆಯ ಮೇಲೆ ಮಾರ್ಕರಿನಲ್ಲಿ 'ಯಾರೂ ಆನ್ ಮಾಡಬೇಡಿ' ಎಂದು ಬರೆದು ಸಿಪಿಯು ಪೆಟ್ಟಿಗೆಗೆ ಅಂಟಿಸಿದರು. ಪೆಟ್ಟಿಗೆ ದುರಸ್ತಿಗೆಂದು ನನ್ನ ಮೇಜಿಗೆ ಬಂದಾಗಲೂ ಆ ಹಾಳೆ ಹಾಗೆಯೇ ಇತ್ತು. ಅಕ್ಷರಗಳ ಕೆಳಗೆ ಎರಡು ಗೆರೆ ಎಳೆದಿದ್ದರು.

ಕೇಳುಗರೆ, ಆ ಡಿಸ್ಕನ್ನು ಉಳಿಸಿದವರು ಆಕೆ. ನಾನು ಮಾಡಿದ್ದು ಆಮೇಲಿನ ಕೆಲಸ. ಅಂದು ಫಾರ್ಮ್ಯಾಟ್ ಒತ್ತಿದ್ದರೆ ಹೊಸದೊಂದು ಖಾಲಿ ದಾಖಲೆ ಹಳೆಯ ಫೋಟೋಗಳ ಮೇಲೆಯೇ ಬರೆದುಕೊಳ್ಳುತ್ತಿತ್ತು. ವಾಪಸು ತೆಗೆದ ಫೈಲುಗಳನ್ನು ಅಲ್ಲೇ ಉಳಿಸಲು ಹೋಗಿದ್ದರೆ ಇನ್ನಷ್ಟು ಮದುವೆಗಳು ಅಳಿಸಿಹೋಗುತ್ತಿದ್ದವು.

ನಾನು ಮೊದಲು ಇಡೀ ಡಿಸ್ಕನ್ನು ಸೆಕ್ಟರಿಗೆ ಸೆಕ್ಟರ್ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡೆ. ಮೂಲ ಡಿಸ್ಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮುಂದೆ ಮಾಡಿದ್ದೆಲ್ಲ ನಕಲಿನ ಮೇಲೆ. ಹಳೆಯ ಗಡಿ ಬೇಗನೆ ಸಿಕ್ಕಿತು, ಫೋಲ್ಡರುಗಳ ಹೆಸರುಗಳೆಲ್ಲ ಬಂದವು. ಆದರೆ ಕೆಲವು ಫೋಟೋಗಳು ತೆರೆದವು, ಕೆಲವು ತೆರೆಯಲಿಲ್ಲ. ಏಕೆಂದರೆ ಒಂದು ಹಂತದಿಂದಾಚೆಗೆ ಎಲ್ಲವೂ 50 ಜಿಬಿ ಮುಂದಕ್ಕೆ ಹೋಗಿ ಕುಳಿತಿದೆ. ಆ ಸಂದು ಎಲ್ಲಿದೆ ಎಂದು ಕಂಡುಹಿಡಿಯಬೇಕಿತ್ತು. ಪ್ರತಿಯೊಂದು ಫೈಲು ಎಲ್ಲಿ ಶುರುವಾಗುತ್ತದೆ ಎಂದು ಎನ್‌ಟಿಎಫ್‌ಎಸ್ ಒಂದು ದಾಖಲೆಯಲ್ಲಿ ಬರೆದಿಟ್ಟಿರುತ್ತದೆ. ಆ ದಾಖಲೆ ಸಾಮಾನ್ಯವಾಗಿ ಪಾರ್ಟಿಷನ್ನಿನ ಮುಂಭಾಗದಲ್ಲಿರುತ್ತದೆ, ಹಾಗಾಗಿ ಅದು ಅಲುಗಾಡಿರಲಿಲ್ಲ. ಜೆಪೆಗ್ ಫೋಟೋ ಯಾವಾಗಲೂ ಎಫ್‌ಎಫ್, ಡಿ8 ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಡಿಸ್ಕಿನ ನಡುವೆ ಇರಬೇಕಾದ ಒಂದು ಫೋಟೋ ಆರಿಸಿಕೊಂಡೆ. ಬರೆದ ಜಾಗದಲ್ಲಿ ಆ ಎರಡು ಬೈಟ್ ಇವೆಯೇ ನೋಡಿದೆ. ಇದ್ದರೆ ಸಂದು ಇನ್ನೂ ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ಉಳಿದ ಭಾಗವನ್ನು ಮತ್ತೆ ಅರ್ಧ ಮಾಡಿ ನೋಡುವುದು, ಮತ್ತೆ ಅರ್ಧ ಮಾಡುವುದು. 195 ಕೋಟಿ ಸೆಕ್ಟರುಗಳ ಸಮುದ್ರವೂ ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಬೇಗನೆ ಅಂಗೈಯಗಲಕ್ಕೆ ಬಂದುಬಿಡುತ್ತದೆ. ಸಂದು ಸಿಕ್ಕಿತು. ಅಲ್ಲಿ ಕಂಡದ್ದನ್ನು ನೆನೆದರೆ ನನಗೆ ಇಂದಿಗೂ ಸಂತೋಷವಾಗುತ್ತದೆ: ಸಂದಿನಲ್ಲಿ 50 ಜಿಬಿಯಷ್ಟು ಭಾಗ ಎರಡೆರಡು ಸಲ ಇತ್ತು. ಹಳೆಯ ಜಾಗದಲ್ಲಿ ಇನ್ನೂ ಅಳಿಸದೆ ಉಳಿದದ್ದು ಒಂದು, ಹೊಸ ಜಾಗಕ್ಕೆ ಆಗಲೇ ಬಂದು ಸೇರಿದ್ದು ಇನ್ನೊಂದು. ಒಂದು ಸೆಕ್ಟರೂ ಕಳೆದಿರಲಿಲ್ಲ. ಮುಂಭಾಗವನ್ನು ಹಳೆಯ ಜಾಗದಿಂದ, ಹಿಂಭಾಗವನ್ನು ಹೊಸ ಜಾಗದಿಂದ ತೆಗೆದು ಮೂರನೆಯ ಡಿಸ್ಕಿನ ಮೇಲೆ ಜೋಡಿಸಿದೆ. ಆಕೆ ಮೊದಲು ತೆರೆದದ್ದು ಜ್ಯೇಷ್ಠದ ಕೊನೆಯ ಮದುವೆಯ ಧಾರೆಯ ಫೋಟೋ. ವಧುವಿನ ಬೆರಳ ತುದಿಯಿಂದ ಇಳಿಯುತ್ತಿದ್ದ ಹಾಲಿನ ಹನಿ ಕಾಣುವವರೆಗೂ ಅದನ್ನು ಹಿಗ್ಗಿಸಿ ನೋಡಿದರು.

ನನಗೆ ಕೊಟ್ಟ ಸಮಯದಲ್ಲಿ ಇನ್ನು ಹೆಚ್ಚು ಉಳಿದಿಲ್ಲ. ಉಳಿದ ಸಂಗತಿಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ನಕಲು ಮಾಡಿಕೊಳ್ಳಲು ನಿಮ್ಮ ಡಿಸ್ಕಿನಷ್ಟೇ ದೊಡ್ಡ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕ್ ಬೇಕು. ಅಷ್ಟೊಂದು ಖರ್ಚೇ ಎನ್ನಬೇಡಿ, ಅದರಲ್ಲಿರುವುದು ನಿಮ್ಮ ವರ್ಷಗಳ ದುಡಿಮೆ. ಲಿನಕ್ಸ್ ಬಲ್ಲವರು ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಬಳಸಿ. ಓದಲಾಗದ ಸೆಕ್ಟರುಗಳನ್ನು ಅದು ಸದ್ಯಕ್ಕೆ ಬಿಟ್ಟು ಮುಂದೆ ಹೋಗಿ, ಕೊನೆಯಲ್ಲಿ ಮತ್ತೆ ಅವುಗಳಿಗೆ ಮರಳುತ್ತದೆ. ಹಳೆಯ ಯುಎಸ್‌ಬಿ 2.0 ಮೂಲಕ 1 ಟಿಬಿ ನಕಲಾಗಲು ಒಂದು ಇಡೀ ರಾತ್ರಿ ಹಿಡಿಯುತ್ತದೆ. ಹಿಡಿಯಲಿ ಬಿಡಿ.

ವಿಂಡೋಸಿನಲ್ಲೇ ಇರುವ ಚೆಕ್‌ಡಿಸ್ಕ್ ಎಂಬ ತಪಾಸಣೆಯ ತಂತ್ರಾಂಶ ಓಡಿಸಿದರೆ ಸರಿಹೋಗುತ್ತದೆ ಎಂದು ಅಕ್ಕಪಕ್ಕದವರು ಖಂಡಿತ ಹೇಳುತ್ತಾರೆ. ಚೆಕ್‌ಡಿಸ್ಕಿನ ಕೆಲಸ ದಾಖಲೆಗಳ ಲೆಕ್ಕ ಹೊಂದಿಸುವುದು. ಲೆಕ್ಕಕ್ಕೆ ಸಿಗದ ಫೈಲುಗಳ ನಮೂದುಗಳನ್ನು ಅದು ಮುಲಾಜಿಲ್ಲದೆ ತೆಗೆದುಹಾಕುತ್ತದೆ. ಗಡಿ ತಪ್ಪಿದ ಡಿಸ್ಕಿನ ಮೇಲೆ ಅದನ್ನು ಓಡಿಸುವುದೆಂದರೆ ಬರೆಯುವುದೇ. ಬರೆಯಬೇಡಿ ಎಂದು ತಾನೇ ನಾನು ಮೊದಲಿನಿಂದ ಹೇಳುತ್ತಿರುವುದು?

ಆಗಲೇ ಫಾರ್ಮ್ಯಾಟ್ ಒತ್ತಿಬಿಟ್ಟಿದ್ದೇವೆ ಎನ್ನುವವರೂ ಇರುತ್ತೀರಿ. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಇನ್ನೂ ಆಸೆ ಇದೆ, ಈಗಲಾದರೂ ನಿಲ್ಲಿಸಿ. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಂದರೆ ಪಾರ್ಟಿಷನ್ನಿನ ಉದ್ದಕ್ಕೂ ಸೊನ್ನೆ ಬರೆಯುವುದು. ಅದಾದ ಮೇಲೆ ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ, ಅಂದರೆ ಚಿಪ್ಪುಗಳಲ್ಲಿ ಬರೆದಿಡುವ ಡಿಸ್ಕ್, ಇದ್ದರೆ ಕ್ವಿಕ್ ಫಾರ್ಮ್ಯಾಟೂ ಅಷ್ಟೇ ಅಪಾಯ. ಈ ಜಾಗವೆಲ್ಲ ಖಾಲಿ ಎಂದು ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸುತ್ತದೆ, ಅದು ಒಳಗೊಳಗೇ ಒರೆಸಿ ಹಾಕುತ್ತದೆ.

ಲಿನಕ್ಸ್ ಬಳಸುವವರ ಮಾತು. ಫೈಲ್ ಸಿಸ್ಟಮನ್ನು, ಅಂದರೆ ಪಾರ್ಟಿಷನ್ನಿನ ಒಳಗೆ ಫೈಲುಗಳನ್ನು ಜೋಡಿಸಿಟ್ಟ ಏರ್ಪಾಡನ್ನು, ಕುಗ್ಗಿಸದೆ ಪಾರ್ಟಿಷನ್ ಒಂದನ್ನೇ ಕುಗ್ಗಿಸಿದರೆ, ಎರಡರ ಅಳತೆ ಹೊಂದುತ್ತಿಲ್ಲ ಎಂದು ಇ2ಎಫ್‌ಎಸ್‌ಸಿಕೆ ಎಂಬ ತಪಾಸಣೆಯ ತಂತ್ರಾಂಶ ಗದರಿಸುತ್ತದೆ. ಅಲ್ಲಿ ಮುಂದುವರಿಯಬೇಡಿ. ಪಾರ್ಟಿಷನ್ನಿನ ಕೊನೆಯನ್ನು ಮೊದಲಿದ್ದ ಜಾಗಕ್ಕೇ ಮರಳಿಸಿ, ಎಲ್ಲವೂ ಬರುತ್ತದೆ. ಫೈಲ್ ಸಿಸ್ಟಮಿನ ಅಳತೆ ಬರೆದಿಟ್ಟಿರುವ ಸೂಪರ್‌ಬ್ಲಾಕ್ ಹಾಳಾಗಿದ್ದರೆ, ಸಾಮಾನ್ಯ 4 ಕೆಬಿ ಬ್ಲಾಕುಗಳ ಇಎಕ್ಸ್‌ಟಿ4 ಎಂಬ ಲಿನಕ್ಸ್ ಫೈಲ್ ಸಿಸ್ಟಮಿನಲ್ಲಿ ಅದರ ನಕಲು 32768ನೆಯ ಬ್ಲಾಕಿನಲ್ಲಿದೆ.

ಡಿಸ್ಕಿನ ಒಳಗಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತಿದ್ದರೆ ನಾನು ಹೇಳಿದ್ದು ಯಾವುದೂ ಬೇಡ. ವಿದ್ಯುತ್ ಕಡಿದು, ಡಿಸ್ಕಿನ ಒಳಭಾಗ ದುರಸ್ತಿ ಮಾಡಬಲ್ಲ ಪ್ರಯೋಗಾಲಯಕ್ಕೆ ಅದನ್ನು ಕೊಡಿ.

ಕೊನೆಯದಾಗಿ ಬಿಟ್‌ಲಾಕರ್. ಈಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ನೀವು ಕೇಳದೆಯೇ ಇದು ಚಾಲೂ ಆಗಿರುತ್ತದೆ. ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಗಡಿ ತಪ್ಪಿದರೆ ಅದನ್ನು ಓದಲು 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಅದಿಲ್ಲದಿದ್ದರೆ ನಾನೂ ಕೈಚೆಲ್ಲಬೇಕಾಗುತ್ತದೆ. ವಿಂಡೋಸ್ ಸೆಟ್ಟಿಂಗಿನಲ್ಲಿ, ಇಲ್ಲವೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಿಗುತ್ತದೆ. ಇವತ್ತು ಸಂಜೆಯೇ ಹುಡುಕಿ, ಕಾಗದದ ಮೇಲೆ ಬರೆದು, ಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲಿ ಇಟ್ಟುಬಿಡಿ.

ನಮಸ್ಕಾರ.