ಇಲಿಯ ಲೆಕ್ಕ ಒಣ ಬಾಯಿಗೆ ಸಾಲದು

ನಮಸ್ಕಾರ. ಇವತ್ತು ಜೊಲ್ಲಿನ ಬಗ್ಗೆ ಮಾತು. ದಯವಿಟ್ಟು ಮುಖ ಸಿಂಡರಿಸಬೇಡಿ.

ಪಾಲಕ್, ದಂಟಿನ ಸೊಪ್ಪು, ಬೀಟ್‌ರೂಟ್‌ಗಳಲ್ಲಿ ನೈಟ್ರೇಟ್ ಎಂಬ ಲವಣ ಧಾರಾಳ. ನಾವು ತಿಂದ ನೈಟ್ರೇಟಿನಲ್ಲಿ ಸುಮಾರು ಕಾಲುಭಾಗವನ್ನು ಜೊಲ್ಲುಗ್ರಂಥಿಗಳು ರಕ್ತದಿಂದ ಹೆಕ್ಕಿ ಮತ್ತೆ ಬಾಯಿಗೆ ಬಿಡುತ್ತವೆ. ನಾಲಿಗೆಯ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದಿಷ್ಟನ್ನು ನೈಟ್ರೈಟ್ ಮಾಡುತ್ತವೆ. ಅದರಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಸಡಿಲಿಸುತ್ತದೆ. ರಕ್ತದಿಂದ ನೈಟ್ರೇಟ್ ಹೆಕ್ಕುವ ಪ್ರೋಟೀನಿನ ಹೆಸರು ಸಿಯಾಲಿನ್. 2012ರಲ್ಲಿ ಬೀಜಿಂಗ್‌ನ ಸಂಶೋಧಕರು ಅದನ್ನು ತೋರಿಸಿಕೊಟ್ಟರು. ವಿಕಿರಣಕ್ಕೆ ಒಡ್ಡಿದ ಕಿರುಹಂದಿಗಳಿಗೆ (ಪ್ರಯೋಗಕ್ಕೆ ಬಳಸುವ ಪುಟ್ಟ ತಳಿಯ ಹಂದಿಗಳು) ನೈಟ್ರೇಟ್ ಕೊಟ್ಟರೆ ಜೊಲ್ಲುಗ್ರಂಥಿಗಳು ಅಷ್ಟಾಗಿ ಹಾಳಾಗುವುದಿಲ್ಲ ಎಂಬುದೂ ಮುಂದೆ ಅಲ್ಲಿಂದಲೇ ಬಂತು. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು, ಒಂದು ತುತ್ತು ಅನ್ನ ನುಂಗಲು ಒಂದು ಲೋಟ ನೀರು ಕುಡಿಯುವವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ.

ನನ್ನ ತಕರಾರು ಬೇರೆ: ಇದನ್ನೇ ನಂಬಿ ಇಂಥವರಿಗೆ ವರ್ಷಗಟ್ಟಲೆ ನೈಟ್ರೇಟ್ ಮಾತ್ರೆ ಕೊಟ್ಟರೆ ಅದು ಸುರಕ್ಷಿತವೇ? ದಿನಕ್ಕೆ ದೇಹದ ತೂಕದ ಒಂದು ಕಿಲೋಗೆ 3.7 ಮಿಲಿಗ್ರಾಂ ನೈಟ್ರೇಟ್ ಸುರಕ್ಷಿತ ಎನ್ನುತ್ತಾರಲ್ಲ, ಆ ಅಂಕಿಯ ಮೂಲ ಇಲಿ. ಇಲಿಗಳಿಗೆ ಹಾನಿ ಮಾಡದ, ಕಿಲೋಗೆ 370 ಮಿಲಿಗ್ರಾಮನ್ನು ನೂರರಿಂದ ಭಾಗಿಸಿದ್ದಾರೆ. ತಮಾಷೆಯೆಂದರೆ, ಇಲಿಯ ಜೊಲ್ಲಿಗೆ ನಮ್ಮ ಜೊಲ್ಲಿನಂತೆ ನೈಟ್ರೇಟ್ ಬಂದು ಸೇರುವುದೇ ಇಲ್ಲ. ಆರೋಗ್ಯವಂತ ಮನುಷ್ಯನಿಗೇ ಈ ಲೆಕ್ಕ ಓರೆಕೋರೆ. ಗ್ರಂಥಿ ಕೆಟ್ಟವನಲ್ಲಿ ನೈಟ್ರೇಟ್ ಸಾಗುವ ದಾರಿಯೇ ಬದಲಾಗಿರುತ್ತದೆ, ಒಣ ಬಾಯಿಯ ಬ್ಯಾಕ್ಟೀರಿಯಾಗಳೂ ಬದಲಾಗಿರುತ್ತವೆ. ಅವನಿಗೆ ಯಾವ ಅಂಕಿ?

ಥೈರಾಯ್ಡ್ ವಿಷಯವಂತೂ ನನಗೆ ಹೆಚ್ಚು ಕಸಿವಿಸಿ ತರುತ್ತದೆ. ನೈಟ್ರೇಟ್ ಅಯೋಡಿನ್ನಿನೊಂದಿಗೆ ಪೈಪೋಟಿಗಿಳಿದು ಅದು ಥೈರಾಯ್ಡ್ ಸೇರದಂತೆ ತಡೆಯಬಲ್ಲದು. ಕುತ್ತಿಗೆಗೆ ವಿಕಿರಣ ಬಿದ್ದ ಎಷ್ಟೋ ಜನರ ಥೈರಾಯ್ಡ್ ಮೊದಲೇ ಸೊರಗಿರುತ್ತದೆ. ಇನ್ನು ಹೊಟ್ಟೆಯಲ್ಲಿ ನೈಟ್ರೊಸಮೀನ್ ಎಂಬ ಕ್ಯಾನ್ಸರ್ ತರಬಲ್ಲ ರಾಸಾಯನಿಕ ಹುಟ್ಟುವ ಸಂದರ್ಭಗಳಲ್ಲಿ ನೈಟ್ರೇಟ್ ಕ್ಯಾನ್ಸರ್‌ಕಾರಕ ಆಗಿರಬಹುದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ವರ್ಗೀಕರಿಸಿದೆ. ಸೊಪ್ಪಿನಲ್ಲಿ ಇದನ್ನು ತಡೆಯುವ ವಿಟಮಿನ್ ಸಿ ಇರುತ್ತದೆ, ಬರೀ ನೈಟ್ರೇಟ್ ಮಾತ್ರೆಯಲ್ಲಿ ಇರುವುದಿಲ್ಲ. ಹಾಗಾಗಿ ಸೊಪ್ಪು ತಿನ್ನಿ, ನಿಮ್ಮ ಮೇಲೆ ನನ್ನ ಜಗಳವಿಲ್ಲ.

ಗ್ರಂಥಿ ಉಳಿಯಿತೇ ಎಂಬ ಪ್ರಶ್ನೆಗೆ ಕೆಲವು ತಿಂಗಳ ಪ್ರಯೋಗ ಸಾಕು. ವರ್ಷಗಟ್ಟಲೆ ತಿಂದರೆ ಏನು ಎಂಬುದಕ್ಕೆ, ಗ್ರಂಥಿ ಕೆಟ್ಟ ಕಿರುಹಂದಿಗಳನ್ನೇ ವರ್ಷಗಟ್ಟಲೆ ಸಾಕಿ, ಥೈರಾಯ್ಡ್, ಹೊಟ್ಟೆ, ಮೂತ್ರಪಿಂಡ ಎಲ್ಲವನ್ನೂ ನೋಡಬೇಕು. ದುಬಾರಿ, ಬೇಸರದ ಕೆಲಸ. ಆದರೂ ಮಾತ್ರೆ ಮಾರುವ ಮೊದಲು ಆಗಬೇಕಾದ್ದು. ಅಂದಹಾಗೆ, ನಮ್ಮಲ್ಲಿ ಕುಡಿಯುವ ನೀರಿನ ನೈಟ್ರೇಟಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿಯಿದೆ, ಕರ್ನಾಟಕದ ಬಹಳಷ್ಟು ಕೊಳವೆಬಾವಿಗಳು ಅದನ್ನು ಮೀರಿವೆ. ಮಾತ್ರೆ ಬರೆಯುವ ವೈದ್ಯರು ರೋಗಿಯ ಮನೆಯ ನೀರು ಎಲ್ಲಿಯದು ಎಂದೂ ಕೇಳಲಿ.