ಪಿಂಚಣಿಯ ಹೊರೆ ಯಾರ ತಲೆಗೆ?

ಕೇಳುಗರೇ, ನಮಸ್ಕಾರ.

ಬಾಗಲಕೋಟೆ ಕಡೆಯ ಯಾವುದಾದರೂ ಸರ್ಕಾರಿ ಶಾಲೆಯ ಸ್ಟಾಫ್ ರೂಮಿಗೆ ಹೋಗಿ ನೋಡಿ. ಅಕ್ಕಪಕ್ಕದ ಕುರ್ಚಿ, ಒಂದೇ ಹಾಜರಿ ಪುಸ್ತಕ, ಆದರೆ 2006ರ ಏಪ್ರಿಲ್ 1ಕ್ಕಿಂತ ಮೊದಲು ನೌಕರಿಗೆ ಸೇರಿದ ಮಾಸ್ತರರಿಗೆ ಹಳೆ ಪಿಂಚಣಿ, ಆಮೇಲೆ ಬಂದವರಿಗೆ ಎನ್‌ಪಿಎಸ್, ಅಂದರೆ ಸಂಬಳದಿಂದ ಹಿಡಿದ ಹಣವನ್ನು ಅವರವರ ಖಾತೆಯಲ್ಲಿ ಕೂಡಿಸಿ ಮಾರುಕಟ್ಟೆಯಲ್ಲಿ ಹೂಡುವ ಹೊಸ ಪಿಂಚಣಿ. ಡಿಎ (ತುಟ್ಟಿ ಭತ್ಯೆ) ಏರಿತು ಅಂತ ಸುದ್ದಿ ಬಂದ ದಿನ ಹಿರಿಯರು, "ರಿಟೈರ್ ಆದ ಮ್ಯಾಲೂ ನಮಗ ಇದು ಬರ್ತೈತಿ ನೋಡ್ರಿ" ಅನ್ನುತ್ತಾರೆ. ಕಿರಿಯರು ಸುಮ್ನೆ ಚಹಾ ಕುಡಿಯುತ್ತಾರೆ.

ಲೆಕ್ಕ ಹಾಕೋಣ. ಕೊನೆಯ ಮೂಲ ವೇತನ 80,000 ಇದ್ದವರಿಗೆ ಹಳೆ ಪದ್ಧತಿಯಲ್ಲಿ ಅದರ ಅರ್ಧ, 40,000, ಮೇಲೆ ಡಿಎ. ಎನ್‌ಪಿಎಸ್‌ನಲ್ಲಿ 50 ಲಕ್ಷ ಕೂಡಿತು ಅಂತ ಇಟ್ಟುಕೊಳ್ಳಿ. ಅದರ ಶೇ. 40, ಅಂದರೆ 20 ಲಕ್ಷವನ್ನು ವರ್ಷಾಸನಕ್ಕೆ, ಅಂದರೆ ವಿಮಾ ಕಂಪನಿಗೆ ಒಮ್ಮೆ ಹಣ ಕಟ್ಟಿ ಬದುಕಿರುವವರೆಗೆ ತಿಂಗಳು ತಿಂಗಳು ಪಡೆಯುವ ಯೋಜನೆಗೆ, ಹಾಕಲೇಬೇಕು. ಶೇ. 6.5ರ ದರ ಸಿಕ್ಕರೆ ತಿಂಗಳಿಗೆ ಹೆಚ್ಚುಕಡಿಮೆ 10,800. ಉಳಿದ 30 ಲಕ್ಷ ಕೈಗೆ ಬರುತ್ತದೆ, ನಿಜ. ಆದರೆ ಮಗಳ ಮದುವೆ, ಮನೆಯ ಸಾಲ ಮುಗಿದ ಮೇಲೆ ಅದರಲ್ಲಿ ಎಷ್ಟು ಉಳಿದೀತು?

ಎನ್‌ಪಿಎಸ್ ಪರ ಇರುವವರು "ಇದರಿಂದ ಸರ್ಕಾರದ ಹೊರೆ ತಗ್ಗುತ್ತದೆ" ಅನ್ನುತ್ತಾರಲ್ಲ, ಅದು ತಕ್ಷಣ ಆಗುವ ಮಾತಲ್ಲ. ಇಂದು ದುಡಿಯುವವರ ಹಣ ಅವರವರ ಖಾತೆಗೆ ಹೋದರೂ, ಈಗಾಗಲೇ ನಿವೃತ್ತರಾದವರಿಗೆ ತಿಂಗಳು ತಿಂಗಳು ಪಿಂಚಣಿ ಕೊಡಲೇಬೇಕು. ಹಾಗಾಗಿ ಹತ್ತಾರು ವರ್ಷ ಬೊಕ್ಕಸಕ್ಕೆ ಎರಡು ಕಡೆಯ ಖರ್ಚು.

ಇದರ ಬಿಸಿ ಮೊದಲು ತಟ್ಟಿದ್ದು ಚಿಲಿ ದೇಶಕ್ಕೆ. 1981ರಲ್ಲಿ ಪಿನೋಷೆಯ ಮಿಲಿಟರಿ ಸರ್ಕಾರ ಪಿಂಚಣಿಯನ್ನು ಖಾಸಗಿ ಕಂಪನಿಗಳಿಗೆ ಕೊಟ್ಟಿತು. ಕಾರ್ಮಿಕರ ಸಂಬಳದಿಂದ ಶೇ. 10, ಅದರ ಮೇಲೆ ಕಂಪನಿಯ ಕಮಿಷನ್, ಮಾಲೀಕರ ಪಾಲು ಸೊನ್ನೆ. ಸೈನಿಕರನ್ನು ಮಾತ್ರ ಹಳೆ ಪದ್ಧತಿಯಲ್ಲೇ ಬಿಟ್ಟರು! ಅಷ್ಟು ಒಳ್ಳೆಯ ಯೋಜನೆಯಾಗಿದ್ದರೆ ತಮ್ಮವರನ್ನೇ ಯಾಕೆ ಹೊರಗಿಟ್ಟರು, ಅಲ್ವಾ? ಕೊನೆಗೆ 2008ರಲ್ಲಿ ಬಡ ವೃದ್ಧರಿಗೆ ಸರ್ಕಾರವೇ ಮೂಲ ಪಿಂಚಣಿ ಕೊಡಬೇಕಾಯಿತು.

1981ರಿಂದ 2014ರವರೆಗೆ 30 ದೇಶಗಳು ಈ ದಾರಿ ಹಿಡಿದವು, 2018ರ ಹೊತ್ತಿಗೆ 18 ದೇಶಗಳು ಹಿಂದೆ ಸರಿದಿದ್ದವು ಎನ್ನುತ್ತದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ. ಅರ್ಜೆಂಟೀನಾ 2008ರಲ್ಲಿ ಇಡೀ ವ್ಯವಸ್ಥೆಯನ್ನೇ ವಾಪಸ್ ತೆಗೆದುಕೊಂಡಿತು.

ನಮ್ಮ ಎನ್‌ಪಿಎಸ್ ಚಿಲಿಯಷ್ಟು ಕಟು ಅಲ್ಲ, ಇಲ್ಲಿ ಸರ್ಕಾರವೂ ಪಾಲು ಹಾಕುತ್ತದೆ. ಆದರೆ ಮಾರುಕಟ್ಟೆ ಬಿದ್ದರೆ ನಷ್ಟ ನೌಕರರದ್ದೇ. ನಿವೃತ್ತಿಗೆ ಹತ್ತಿರ ಇರುವವರಿಗೆ ಒಂದು ಮಾತು: ವರ್ಷಾಸನದ ಫಾರಂ ತುಂಬುವ ಮೊದಲು, ನೀವು ಹೋದ ಮೇಲೆ ಮನೆಯವರಿಗೆ ಅದು ಮುಂದುವರಿಯುತ್ತದೆಯೇ, ಹಾಕಿದ ಅಸಲು ಮರಳುತ್ತದೆಯೇ ಅಂತ ಕೇಳಿ. ಎರಡಕ್ಕೂ ಹೌದು ಅಂದರೆ ತಿಂಗಳ ಮೊತ್ತ ಇನ್ನೂ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದನ್ನು ಬರಹದಲ್ಲೇ ತೆಗೆದುಕೊಳ್ಳಿ.